ಫ್ರೀ ಅಂತ ಕೊಟ್ಟ ಮೇಲೆ

ಕಳೆದ ವಾರ ಪಿಂಚಣಿ ಕಾಗದಗಳಿಗೆ ನನ್ನದೊಂದು ಫೋಟೊ ಹಾಕಬೇಕಾಗಿತ್ತು. ಕಚೇರಿಯವರು ಕೇಳಿದ ಅಳತೆಗೆ ಅದರ ಗಾತ್ರ ಇಳಿಸಬೇಕು. ತಂಗಿಯ ಮಗಳ ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಫ್ರೀ ಪ್ರೋಗ್ರಾಂ ಸಿಕ್ಕೀತೆಂದು ಹುಡುಕಲು ಕೂತೆ. ಒಂದು ಪುಟ ತೆರೆದುಕೊಂಡಿತು. ಡೌನ್‌ಲೋಡ್ ಎಂದು ಬರೆದ ಹಸಿರು ಗುಂಡಿಗಳು ಮೇಲೊಂದು, ಕೆಳಗೊಂದು, ಪಕ್ಕದಲ್ಲೊಂದು... ಯಾವುದು ನಿಜ, ಯಾವುದು ಮೋಸ ಎಂದು ತಿಳಿಯುವಂತಿರಲಿಲ್ಲ. ಅಂದಾಜಿನ ಮೇಲೆ ಒಂದನ್ನು ಒತ್ತಿದೆ. ಮೂಲೆಯಲ್ಲಿ ಅರೆಬೆತ್ತಲೆ ಹೆಂಗಸೊಬ್ಬಳ ಚಿತ್ರ ಕುಣಿಯತೊಡಗಿತು. ಅದನ್ನು ಮುಚ್ಚಲು ಹೋದರೆ ಇನ್ನೊಂದು, ಅದಕ್ಕಿಂತ ಹೊಲಸು. ಪಕ್ಕದಲ್ಲೇ ಕೂತಿದ್ದ ಹುಡುಗಿ ಏನೂ ಆಗದವಳಂತೆ, "ಅವೆಲ್ಲ ಬರ್ತವೆ ದೊಡ್ಡಮ್ಮ, ಬುಡಿ" ಅಂದಳು.

ನನಗೆ ಬಿಡಲಾಗಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಜಗಲಿಗೆ ಬಂದು ಕೂತೆ. ಬಹಳ ವರ್ಷಗಳ ಮೇಲೆ ಸೆಂಟರಕ್ಕ ನೆನಪಾದರು.

ಅವರಿಗೆ ಒಳ್ಳೆಯ ಹೆಸರೊಂದಿತ್ತು. ಆದರೆ ಹುಣಸೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟ ಮೇಲೆ ಎಲ್ಲರ ಬಾಯಲ್ಲೂ ಸೆಂಟರಕ್ಕನೇ ಆಗಿಹೋಗಿದ್ದರು. ಗೊಬ್ಬರದಂಗಡಿಯ ಪಕ್ಕದ ಒಂದು ಸಣ್ಣ ಮಳಿಗೆ, ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಮೆಷಿನ್ನು. ಹೊಗೆಸೊಪ್ಪಿನ ಕಾಲದಲ್ಲಿ ರಸ್ತೆಯ ಲಾರಿಗಳಿಂದ ಬರುವ ಘಾಟು ಯೂರಿಯಾ ವಾಸನೆಯ ಜೊತೆ ಸೇರಿ ಆ ಮಳಿಗೆಯೊಳಗೇ ಬಂದು ನಿಲ್ಲುತ್ತಿತ್ತು. ಮದುವೆ ಪತ್ರಿಕೆ, ಜಮೀನಿನ ಅರ್ಜಿ, ಸಂಘದ ರಸೀದಿ ಪುಸ್ತಕ ಎಲ್ಲವೂ ಅಲ್ಲೇ ಆಗುತ್ತಿದ್ದವು. ನಾನಾಗ ಅಲ್ಲಿನ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಕಟ್ಟೆಮಳಲವಾಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಶಾಲೆಯ ಕಾಗದಪತ್ರಗಳನ್ನು ಹಿಡಿದು ಸೆಂಟರಿಗೆ ಹೋಗಿ ಹೋಗಿ ಸ್ನೇಹವಾಯಿತು. ಆಮೇಲೆ ಕೆಲಸವಿಲ್ಲದಿದ್ದರೂ ಸಂಜೆಯ ಬಸ್ಸಿನ ತನಕ ಅಲ್ಲೇ ಕೂರುವುದು ರೂಢಿಯಾಯಿತು.

ಎತ್ತರದ ಹೆಂಗಸು, ಗಟ್ಟಿ ದನಿ. ಕೃಷ್ಣರಾಜನಗರದ ಕಡೆ ಗಂಡನ ಮನೆ. ಅಲ್ಲಿ ಬಾಳಲಾಗದೆ ಬಿಟ್ಟು ಬಂದು ತಾಯಿಯ ಜೊತೆ ಇದ್ದರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ, ಯಾರಾದರೂ ಕೆದಕಿದರೆ ಸುಮ್ಮನಿರುತ್ತಲೂ ಇರಲಿಲ್ಲ. ಮದುವೆ ಪತ್ರಿಕೆಗೆ ಬಂದವರು ವಧುವಿನ ಹೆಸರನ್ನು ತಪ್ಪಾಗಿ ಬರೆದು ತಂದರೆ, "ಮನೆಗ್ ಬರೋ ಸೊಸೆ ಹೆಸ್ರು ಸರಿಯಾಗ್ ಗೊತ್ತಿಲ್ವಲ್ರೀ ನಿಮ್ಗೆ" ಎಂದು ಎಲ್ಲರೆದುರೇ ಗದರಿಸುತ್ತಿದ್ದರು. ಬೈಸಿಕೊಂಡವರೂ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಅವರ ಮೇಜಿನ ಖಾನೆಯ ತುಂಬ ಸೀಡಿಗಳು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಉಚಿತವಾಗಿ ಬರುತ್ತಿದ್ದ ಸೀಡಿಗಳವು. ಅವುಗಳಲ್ಲಿ ವಿಂಡೋಸ್‌ಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮುಗಳಿರುತ್ತಿದ್ದವು. ದೊಡ್ಡ ಫೈಲನ್ನು ತುಂಡು ಮಾಡಿ ಫ್ಲಾಪಿಗಳಿಗೆ ಹಾಕಿಕೊಡುವಂಥದ್ದು, ಒಂದೇ ಫೋಟೊ ಎರಡು ಕಡೆ ಇದ್ದರೆ ಹುಡುಕಿ ತೋರಿಸುವಂಥದ್ದು, ಅಳಿಸಿಹೋದದ್ದನ್ನು ಮರಳಿ ತರುವಂಥದ್ದು. ಕೆಲವು ಪೂರ್ತಿ ಪುಕ್ಕಟೆ. ಇನ್ನು ಕೆಲವು, ಒಂದು ತಿಂಗಳು ಕಳೆದ ಮೇಲೆ, ನಿಮಗೆ ಉಪಯೋಗವಾಗಿದ್ದರೆ ಹಣ ಕಳಿಸಿ ಎಂದು ಕೇಳುತ್ತಿದ್ದವು. ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಅವರು ಒಂದೊಂದನ್ನೇ ಹಾಕಿ ನೋಡಿ, ಒಳ್ಳೆಯದನ್ನು ಇಟ್ಟುಕೊಂಡು, ಕೆಟ್ಟದ್ದನ್ನು ಅಳಿಸುತ್ತಿದ್ದರು.

"ನೋಡಮ್ಮಿ, ಯಾವನೋ ಎಲ್ಲೋ ಕೂತ್ಕಂಡು ಮಾಡವ್ನೆ. ಹುಣಸೂರು ಅಂತ ಒಂದೂರು ಐತೆ ಅಂತ್ಲೂ ಗೊತ್ತಿಲ್ಲ ಅವನ್ಗೆ. ಆದ್ರೂ ನಂಗೆ ಉಪಯೋಗ ಆಯ್ತಾ ಐತೆ. ನಾನೂ ಒಂದ್ ಮಾಡಿ ಮಡಗ್ಬೇಕು ಕಣಮ್ಮಿ" ಅನ್ನುತ್ತಿದ್ದರು. ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ ಕಲಿತ ಪ್ರೋಗ್ರಾಮಿಂಗ್ ಅವರಿಗೆ ಮರೆತಿರಲಿಲ್ಲ.

ಮೊದಲು ನಮ್ಮ ಶಾಲೆಗೆಂದೇ ಒಂದು ಮಾಡಿಕೊಟ್ಟರು. ವರ್ಗಾವಣೆ ಪತ್ರದಲ್ಲಿ ಹುಟ್ಟಿದ ದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಲ್ಲ, ಅಂಕಿ ಹಾಕಿದರೆ ಅಕ್ಷರ ತಾನಾಗಿ ಬರುತ್ತಿತ್ತು. ಆಮೇಲೆ ಪೆನ್‌ಡ್ರೈವುಗಳ ಕಾಲ ಬಂತು, ಅದರ ಹಿಂದೆಯೇ ವೈರಸ್ಸು. ಪೆನ್‌ಡ್ರೈವ್ ಹಾಕಿದರೆ ಒಳಗಿನ ಫೋಲ್ಡರುಗಳೆಲ್ಲ ಮಾಯವಾಗಿ, ಅದೇ ಹೆಸರಿನ ನಕಲಿ ಚಿತ್ರಗಳು ಕಾಣುತ್ತಿದ್ದವು. ಒತ್ತಿದರೆ ವೈರಸ್ಸು ಇನ್ನಷ್ಟು ಹರಡುತ್ತಿತ್ತು. ಜನ ಎಲ್ಲ ಹೋಯಿತೆಂದು ಎದೆ ಹೊಡೆದುಕೊಳ್ಳುತ್ತಿದ್ದರು. ನಿಜವಾಗಿ ಫೋಲ್ಡರುಗಳು ಅಡಗಿ ಕೂತಿರುತ್ತಿದ್ದವು, ಅಷ್ಟೇ. ಅವನ್ನು ಹೊರಗೆ ತಂದು ನಕಲಿಗಳನ್ನು ಅಳಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ಸೆಂಟರಕ್ಕ ಬರೆದರು. ಅದಕ್ಕೆ ಜರಡಿ ಎಂದು ಹೆಸರಿಟ್ಟರು. ಅದರಲ್ಲಿ ಇದ್ದದ್ದು ಒಂದೇ ಗುಂಡಿ, ಅದರ ಮೇಲೆ ಕನ್ನಡದಲ್ಲಿ "ಸೋಸು" ಎಂದು ಬರೆದಿತ್ತು.

ತೆರೆದ ಕೂಡಲೇ ಅವರ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಹೆಸರಿನ ಮೇಲೆ ಅವರಿಗೆ ಆಸೆ ಸ್ವಲ್ಪ ಜಾಸ್ತಿಯೇ. ಅಕ್ಷರದ ಬಣ್ಣ ಯಾವುದಿರಲಿ ಎಂದು ನನ್ನನ್ನು ಎಷ್ಟು ಸಲ ಕೇಳಿದರೋ... ಕೊನೆಗೆ ರಾಮಾಗ್ರೀನಿಗೆ ನಿಂತರು. ಹೆಸರಿನ ಕೆಳಗೆ, "ಇದು ಎಲ್ಲರಿಗೂ ಉಚಿತ. ಉಪಯೋಗವಾದರೆ ಈ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ" ಎಂದಿತ್ತು.

"ಈ ಕಾಲದಲ್ಲಿ ಕಾರ್ಡ್ ಯಾರಕ್ಕ ಬರೀತಾರೆ? ಫೋನ್ ನಂಬರ್ ಹಾಕಿ" ಅಂದೆ.

"ಬ್ಯಾಡಮ್ಮಿ. ಹೆಂಗಸ್ರ ನಂಬರ್ ಸಿಕ್ರೆ ಕೆಟ್ಟ್‌ಕೆಟ್ಟ್ ಕಾಲ್ ಬತ್ತವೆ. ಕಾರ್ಡಾದ್ರೆ ಪೋಸ್ಟ್‌ಮ್ಯಾನು ಓದ್ತಾನೆ ಅನ್ನೋ ನಾಚ್ಕೆನಾದ್ರೂ ಇರ್ತದೆ."

ಸೆಂಟರಿಗೆ ಬಂದವರ ಪೆನ್‌ಡ್ರೈವಿಗೆಲ್ಲ ಜರಡಿಯನ್ನು ಹಾಕಿಕೊಟ್ಟರು, ಅದು ಕೈಯಿಂದ ಕೈಗೆ ಹೋಯಿತು. ನಾನು ನಂಬಿರಲಿಲ್ಲ, ಆದರೆ ಕಾರ್ಡುಗಳು ಬಂದವು. ಪಿರಿಯಾಪಟ್ಟಣದಿಂದ, ರಾವಂದೂರಿನಿಂದ, ಹಂಪಾಪುರದಿಂದ. ಒಬ್ಬರ ಡೇರಿ ಲೆಕ್ಕ ಸಿಕ್ಕಿತ್ತು, ಇನ್ನೊಬ್ಬರ ಮಗಳ ಮದುವೆಯ ಫೋಟೊಗಳು ಸಿಕ್ಕಿದ್ದವು. ಕೋಟೆ ತಾಲ್ಲೂಕಿನ ಆಚೆ ತುದಿಯಿಂದ ಒಬ್ಬ ಮಲಯಾಳಿ, ತಪ್ಪುತಪ್ಪು ಕನ್ನಡದಲ್ಲಿ, "ಚೇಚಿಗೆ ದೇವರು ಒಳ್ಳೆದು ಮಾಡಲಿ" ಎಂದು ಬರೆದಿದ್ದ, ಚೇಚಿ ಎಂದರೆ ಅಕ್ಕ. ಅವನ್ನೆಲ್ಲ ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿದರು. ಬಂದ ಗಿರಾಕಿಗಳಿಗೆ ಓದಿ ಹೇಳುತ್ತಿದ್ದರು. ಆಗಿನ ಅವರ ಮುಖ...

ಜರಡಿಯನ್ನು ಇಂಟರ್‌ನೆಟ್ಟಿಗೆ ಹಾಕಿದರೆ ಇನ್ನೂ ದೂರದವರಿಗೆ ಸಿಗುತ್ತದೆ ಎಂಬ ಆಸೆ ಅವರಿಗೆ. ಸೆಂಟರಿನಲ್ಲಿ ಇಂಟರ್‌ನೆಟ್ ಸರಿಯಾಗಿ ಬರುತ್ತಿರಲಿಲ್ಲ. ಮುಂದಿನ ಬೀದಿಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದವನೊಬ್ಬ ಇವರನ್ನು ಅಕ್ಕ ಅಕ್ಕ ಎನ್ನುತ್ತಾ ಜೆರಾಕ್ಸಿಗೆ ಬರುತ್ತಿದ್ದ. "ಕೊಡಿ ಅಕ್ಕ, ನನ್ ಸೈಟ್‌ನಲ್ಲಿ ಹಾಕ್ತೀನಿ. ನಿಮ್ ಹೆಸ್ರು ಪ್ರಪಂಚಕ್ಕೇ ಗೊತ್ತಾಗ್ಲಿ" ಅಂದ. ಇವರು ಸಂತೋಷದಿಂದ ಕೊಟ್ಟರು.

ಅದಾಗಿ ಕೆಲವು ತಿಂಗಳಾಗಿರಬೇಕು. ನಮ್ಮ ಶಾಲೆಯ ಕಂಪ್ಯೂಟರ್ ಕೆಟ್ಟು, ರಿಪೇರಿಯಾಗಿ ಖಾಲಿಯಾಗಿ ಬಂದಿತ್ತು. ಹತ್ತನೇ ತರಗತಿ ಮಕ್ಕಳ ವಿವರವಿದ್ದ ಪೆನ್‌ಡ್ರೈವಿಗೆ ವೈರಸ್ಸು ಬಡಿದಿತ್ತು. ನನ್ನ ಜೊತೆಯ ಗುಮಾಸ್ತರು ಆ ಸೈಟಿನಿಂದ ಜರಡಿಯನ್ನು ಒಂದು ಸೀಡಿಗೆ ಇಳಿಸಿಕೊಂಡು ಬಂದು ಹಾಕಿದರು. ಹೆಡ್‌ಮಾಸ್ಟರು ಅಲ್ಲೇ ಇದ್ದರು. ಶಾಲಾ ಸಮಿತಿಯ ಇಬ್ಬರು ಸದಸ್ಯರಿದ್ದರು, ಮಕ್ಕಳ ತಾಯಂದಿರು ಕೆಲವರಿದ್ದರು. ಸೆಂಟರಕ್ಕನ ಹೆಸರು ರಾಮಾಗ್ರೀನ್ ಬಣ್ಣದಲ್ಲಿ ಬಂತು. ಅದರ ಮೇಲೆಯೇ ಒಂದು ಕಿಟಕಿ ತೆರೆದುಕೊಂಡಿತು. ಅದರಲ್ಲಿದ್ದದ್ದನ್ನು ನಾನು ಬರೆಯಲಾರೆ. ಮುಚ್ಚುವಷ್ಟರಲ್ಲಿ ಇನ್ನೊಂದು, ಮತ್ತೊಂದು. ತಾಯಂದಿರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊರಗೆ ಹೋದರು. ಗಂಡಸರು ಹೋಗಲಿಲ್ಲ. ಸಮಿತಿಯವರೊಬ್ಬರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದು, ಎಲ್ಲವನ್ನೂ ಚೆನ್ನಾಗಿ ನೋಡಿ, ಆಮೇಲೆ ಹೆಸರನ್ನೂ ಓದಿದರು.

"ಓ, ಇದು ಆ ಸೆಂಟರ್‌ನೋಳು ಮಾಡಿರಾದು ಕಣ್ರೀ. ಗಂಡನ್ ಬುಟ್ಟು ಬಂದೋಳು ಇನ್ನೇನ್ ಮಾಡಾಳು."

ಯಾರೋ ಕಿಸಕ್ಕನೆ ನಕ್ಕರು. ನಾನು ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆ.

ಸಂಜೆ ಸೆಂಟರಿಗೆ ಹೋಗಿ ಹೇಳಿದೆ. ಅವರು ನಂಬಲಿಲ್ಲ, ನನ್ನ ಮೇಲೆಯೇ ರೇಗಿದರು. ಆಮೇಲೆ ನಾನು ಶಾಲೆಯಿಂದ ತಂದಿದ್ದ ಆ ಸೀಡಿ ಹಾಕಿ, ಸೈಟಿನಿಂದ ಇಳಿಸಿದ್ದ ಫೈಲಿನ ಗಾತ್ರ ನೋಡಿದರು. "ನಂದು ಒಂದ್ ಹಿಡಿ ಇತ್ತು. ಇದು ಒಂದ್ ಮೂಟೆ ಐತಲ್ಲಮ್ಮಿ" ಅಂದರು. ಬಾಗಿಲೆಳೆದು ನನ್ನನ್ನು ಕರೆದುಕೊಂಡು ನೇರ ಬ್ರೌಸಿಂಗ್ ಸೆಂಟರಿಗೆ ನಡೆದರು.

ಆ ಜಾಗ ನೆನೆದರೆ ಈಗಲೂ ಅಸಹ್ಯವಾಗುತ್ತದೆ. ಪ್ಲೈವುಡ್ ಹಲಗೆಯ ಗೂಡುಗಳು, ಒಂದೊಂದಕ್ಕೂ ಪರದೆ. ಅಂಟಂಟು ಕೀಬೋರ್ಡು. ಗುಟ್ಕಾ ವಾಸನೆಯ ಮೇಲೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದು, ಎರಡೂ ಸೇರಿ ಉಸಿರು ಕಟ್ಟುತ್ತಿತ್ತು. ಅವನು ಎದ್ದು ನಿಂತ. "ಬನ್ನಿ ಅಕ್ಕ, ಕಾಪಿ ತರಿಸ್ಲಾ?"

"ನನ್ ಜರಡಿಗೆ ಏನಪ್ಪ ಸೇರ್ಸಿದ್ದೀಯ?"

"ಏನಿಲ್ಲ ಕಣಕ್ಕ, ನಾಕ್ ಜಾಹೀರಾತು. ಸೈಟ್ ನಡೆಸ್ಬೇಕಲ್ಲ."

"ಜಾಹೀರಾತಾ ಅದು? ಥೂ! ನಿನ್ ಮನೆ ಹೆಣ್ಮಕ್ಕಳ ಮುಂದೆ ತೆಗ್ದು ತೋರ್ಸು ನೋಡವ."

"ಯಾವ್ದು ಬರ್ತದೆ ಅಂತ ನಾನ್ ನೋಡಕಾಯ್ತದಾ? ಅದು ಫಾರಿನ್ನೋರು ಕಳ್ಸದು. ಒಬ್ಬೊಬ್ರು ಹಾಕ್ಕಂಡಾಗ್ಲೂ ನಂಗೆ ಒಂಚೂರು ಸಿಕ್ತದೆ, ಅಷ್ಟೇಯ."

"ಸರಿ. ಅದನ್ನ ತೆಗಿ. ಇಲ್ಲಾಂದ್ರೆ ನನ್ ಹೆಸ್ರು ತೆಗಿ."

ಅವನು ಎದ್ದು ಹೋಗಿ ಕಿಟಕಿಯಿಂದಾಚೆ ಉಗಿದು ಬಂದ. ತುಟಿ ಒರೆಸಿಕೊಂಡು, ಮಕ್ಕಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದ: "ಹೆಸ್ರು ತೆಗೆದ್ರೆ ಯಾರ್ ನಂಬ್ತಾರಕ್ಕ? ನಿಮ್ ಹೆಸ್ರು ನೋಡೇ ಎಲ್ರೂ ಹಾಕ್ಕಳಾದು. ಅಲ್ದೆ ನೀವೇ ಬರ್ದಿದ್ದೀರಿ, ಎಲ್ರಿಗೂ ಉಚಿತ ಅಂತ. ಫ್ರೀ ಅಂತ ಕೊಟ್ಮೇಲೆ ಅದು ನಿಮ್ದಲ್ಲ ಕಣಕ್ಕ."

ಸೆಂಟರಕ್ಕ ನನ್ನ ಕೈ ಹಿಡಿದು ಬಾಗಿಲ ಕಡೆ ತಿರುಗಿದರು. ಗೂಡುಗಳ ಪರದೆ ಸರಿಸಿ ಒಂದಿಬ್ಬರು ತಲೆ ಹೊರಗೆ ಹಾಕಿ ಇವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಪೊಲೀಸಿಗೆ ದೂರು ಕೊಡಿ ಅಂದೆ. "ಕೊಟ್ರೆ ಅಲ್ಲಿರಾದನ್ನೆಲ್ಲ ನಾಕ್ ಗಂಡಸ್ರ ಮುಂದೆ ತೆಗ್ದು ತೋರ್ಸ್ಬೇಕಮ್ಮಿ. ನನ್ ಹೆಸ್ರ್ ಕೆಳಗೆ" ಅಂದರು.

ಅಷ್ಟರಲ್ಲಿ ಬೇರೆ ಥರದ ಕಾರ್ಡುಗಳು ಬರತೊಡಗಿದವು. ವಿಳಾಸವಂತೂ ಎಲ್ಲರ ಕಂಪ್ಯೂಟರಿನಲ್ಲೂ ಇತ್ತಲ್ಲ. ಮೊದಲನೆಯದನ್ನು ನನಗೆ ತೋರಿಸಿದರು. ಎರಡು ಸಾಲು ಓದಿ ಕೆಳಗಿಟ್ಟೆ. ರೇಟು ಕೇಳಿದ್ದ ಒಬ್ಬ. ಅದಕ್ಕಿಂತ ಹೊಲಸಾಗಿ ಬರೆದವರೂ ಇದ್ದರಂತೆ, ಅವನ್ನು ಅವರು ನನಗೆ ಕೊಡಲಿಲ್ಲ. ಕವರಿಲ್ಲದ ತೆರೆದ ಕಾರ್ಡಿನಲ್ಲಿ ಇಂಥದನ್ನು ಬರೆದು, ಅಂಚೆ ಡಬ್ಬಿಗೆ ಹಾಕಿ, ಮನೆಗೆ ಹೋಗಿ ಹೆಂಡತಿ ಬಡಿಸಿದ ಅನ್ನ ಉಂಡವರು ಅವರೆಲ್ಲ. ಎಂಥ ಜನ... ಪೋಸ್ಟ್‌ಮ್ಯಾನ್ ವಯಸ್ಸಾದವರು. ಮೊದಲು ಬೀದಿಯಿಂದಲೇ "ಅಕ್ಕೋ, ಕಾರ್ಡು" ಎಂದು ಕೂಗುತ್ತಿದ್ದವರು ಈಗ ಕೂಗುವುದನ್ನು ಬಿಟ್ಟರು. ಕಾರ್ಡುಗಳನ್ನು ಯಾವುದಾದರೂ ಪಾಂಪ್ಲೆಟ್ಟಿನೊಳಗೆ ಮಡಚಿ, ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು. ಒಂದು ದಿನ ಸೆಂಟರಕ್ಕ, "ಅಣ್ಣ, ಓದಿದ್ರಾ?" ಎಂದು ಕೇಳಿದರು. ಅವರು ಸೈಕಲ್ಲಿನ ಹ್ಯಾಂಡಲ್ ಹಿಡಿದು ನೆಲ ನೋಡುತ್ತಾ, "ಹರಿದಾಕ್ಬುಡ್ಲೇನವ್ವ, ಬಂದಂಗೇಯ?" ಅಂದರು. ಅಂಚೆಯವರು ಹಾಗೆ ಮಾಡುವಂತಿಲ್ಲ. ಆದರೂ ಕೇಳಿದರು. ಇವರು ಬೇಡವೆಂದರು.

ಒಂದು ಭಾನುವಾರ ನಮ್ಮ ಮನೆಗೇ ಬಂದರು, ಕೈಯಲ್ಲೊಂದು ಚೀಲ. "ನಡಿಯಮ್ಮಿ. ಎಲ್ಲೆಲ್ಲಿ ಹಾಕ್ಕಂಡವ್ರೋ ಅಲ್ಲೆಲ್ಲ ಹೋಗಿ ನಾನೇ ತೆಗ್ದ್ ಬತ್ತೀನಿ" ಅಂದರು. ಜರಡಿಯ ಹೊಲಸನ್ನು ಕಂಪ್ಯೂಟರಿನಿಂದ ಬೇರುಸಹಿತ ಕಿತ್ತುಹಾಕುವ ಇನ್ನೊಂದು ಪ್ರೋಗ್ರಾಂ ಮಾಡಿದ್ದರು. ಅದರ ಹೆಸರು ಪೊರಕೆ. ತೆರೆದು ತೋರಿಸಿದರು. ಹೆಸರಿರಲಿಲ್ಲ. ವಿಳಾಸವಿರಲಿಲ್ಲ. ಕಾರ್ಡು ಬರೆಯಿರಿ ಎಂಬ ಮಾತೂ ಇರಲಿಲ್ಲ. ಬೂದು ಬಣ್ಣದ ಒಂದು ಚೌಕ, ಅದರಲ್ಲೊಂದು ಗುಂಡಿ.

ಕಾರ್ಡುಗಳಲ್ಲಿದ್ದ ವಿಳಾಸ ಹಿಡಿದು, ಭಾನುವಾರಗಳಂದು ಬಸ್ಸು ಹತ್ತಿಕೊಂಡು ಊರೂರು ಸುತ್ತಿದೆವು. ರಾವಂದೂರಿನ ಜೆರಾಕ್ಸ್ ಅಂಗಡಿಯ ಹಿರಿಯರೊಬ್ಬರು ಇವರು ಯಾರೆಂದು ತಿಳಿದ ಕೂಡಲೇ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಇದು ನಿಮ್ ಕೆಲ್ಸ ಅಲ್ಲ ಅಂತ ನಂಗ್ ಗೊತ್ತಿತ್ತು ತಾಯಿ. ಇಂಥದ್ನ ಕಾರ್ಡ್‌ನಲ್ಲಿ ಬರಿಯಕ್ಕಾಗ್ಲಿಲ್ಲ, ಹೇಳಕ್ ನಿಮ್ ನಂಬರ್ ಇರ್ಲಿಲ್ಲ" ಅಂದರು. ಬಸ್ಸಿನಲ್ಲಿ ಸೆಂಟರಕ್ಕ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡರು.

ಅದರ ಮುಂದಿನ ವಾರ ಹಂಪಾಪುರ. ಅಲ್ಲಿನ ಅಂಗಡಿಯವನು ಜರಡಿಯನ್ನು ಹೊಗಳಿ ಹಿಂದೊಮ್ಮೆ ಕಾರ್ಡು ಬರೆದಿದ್ದವನೇ. ನಗುನಗುತ್ತಾ ಕೂರಿಸಿದ. ಇವರು ಕಂಪ್ಯೂಟರಿನ ಮುಂದೆ ಬಗ್ಗಿ ಕೆಲಸ ಮಾಡುತ್ತಿರುವಾಗ, ಬಾಗಿಲಲ್ಲಿ ನಿಂತಿದ್ದ ಸ್ನೇಹಿತನಿಗೆ ಕಣ್ಣು ಹೊಡೆದು ಒಂದು ಮಾತು ಅಂದ. ಇವರಿಗೆ ಕೇಳಿಸದೆಂದುಕೊಂಡಿರಬೇಕು. ನನಗೆ ಅದು ಬರಿಯ ಪೋಲಿ ಮಾತಿನಂತೆ ಕೇಳಿಸಿತು. ಸೆಂಟರಕ್ಕನ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಆಮೇಲೆ ಕೆಲಸ ಮುಂದುವರಿಸಿದರು, ಪೂರ್ತಿ ಮುಗಿಸಿದರು. ಎದ್ದು, "ಕೈ ತೊಳಿಯಕ್ ನೀರ್ ಎಲ್ಲೈತೆ?" ಎಂದು ಕೇಳಿ ಹೊರಗಿನ ನಲ್ಲಿಗೆ ಹೋದರು. ಮೊಣಕೈವರೆಗೂ ತೊಳೆದರು. ಒಂದು ಸಲ ತೊಳೆದು, ಮತ್ತೆ ತೊಳೆದರು.

ಬಸ್ಸಿಗೆ ಕಾಯುವಾಗ ಹೇಳಿದರು: "ಅವ್ನು ಅಂದ ಮಾತು ಒಂದ್ ಕಾರ್ಡ್‌ನಲ್ಲಿ ಬಂದಿತ್ತು ಕಣಮ್ಮಿ. ಅಂಗಂಗೇಯ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

"ಮತ್ತೆ ಅಲ್ಲೇ ಯಾಕಕ್ಕ ಕೇಳ್ಲಿಲ್ಲ? ಕೆನ್ನೆಗೆ ಬಾರಿಸ್ಬೇಕಾಗಿತ್ತು."

"ಅವ್ನ ಮುಟ್ಟಕ್ಕೂ ಹೇಸ್ಗೆ ಆಯ್ತು."

ಅದಾದ ಮೇಲೆ ಅವರು ಯಾವ ಊರಿಗೂ ಹೋಗಲಿಲ್ಲ. ಮಳಿಗೆಯ ಮಾಲೀಕರು, ಮರ್ಯಾದಸ್ಥರು ಓಡಾಡುವ ಜಾಗ ಎಂದು ಮಾತು ತೆಗೆದರು. ಸೆಂಟರಕ್ಕ ಮಳಿಗೆ ಬಿಟ್ಟುಕೊಡಲು ಒಪ್ಪಿದರು. ಗೋಡೆಯ ಮೇಲಿನ ಕಾರ್ಡುಗಳನ್ನು, ಒಳ್ಳೆಯವನ್ನೂ ಸೇರಿಸಿ, ಮಳಿಗೆಯ ಹಿಂದೆ ಸುಟ್ಟರು. "ಒಳ್ಳೇದ್ ಬರ್ದೋನು ಯಾವನು, ಕೆಟ್ಟದ್ ಬರ್ದೋನು ಯಾವನು ಅಂತ ಈಗ ನಂಗ್ ಗೊತ್ತಾಗಾಕಿಲ್ಲ" ಅಂದರು. ಕಂಪ್ಯೂಟರುಗಳನ್ನು ಮಾರಿ, ತಾಯಿಯನ್ನು ಕರೆದುಕೊಂಡು ಪಿರಿಯಾಪಟ್ಟಣದ ತಮ್ಮನ ಮನೆಗೆ ಹೋದರು. ಆರಂಭದಲ್ಲಿ ಫೋನು ಮಾಡುತ್ತಿದ್ದೆ. ಅವರ ಗಟ್ಟಿ ದನಿ ಎಲ್ಲಿಗೆ ಹೋಯಿತೋ, ನಾನು ಕೇಳಿದ್ದಕ್ಕಷ್ಟೇ ಉತ್ತರ ಬರುತ್ತಿತ್ತು. ಬರಬರುತ್ತ ಅದೂ ನಿಂತಿತು.

ಬ್ರೌಸಿಂಗ್ ಸೆಂಟರಿನವನು ಮಾತ್ರ ಬೆಳೆದ. ಪೆನ್‌ಡ್ರೈವ್ ವೈರಸ್ಸಿನ ಕಾಲ ಮುಗಿದು, ಜರಡಿಯಿಂದ ಇನ್ನೇನೂ ಹುಟ್ಟುವುದಿಲ್ಲ ಎಂದಾದ ಮೇಲೆ ಸೈಟು ಮುಚ್ಚಿದ. ಮೊಬೈಲ್ ಅಂಗಡಿ ತೆರೆದ, ಸಂಘಗಳಿಗೆ ಸೇರಿದ, ಗಣ್ಯನಾದ. ನಾನು ನಿವೃತ್ತಳಾಗುವ ಮೊದಲು ಒಂದು ದಿನ ನಮ್ಮ ಶಾಲೆಗೇ ಅತಿಥಿಯಾಗಿ ಬಂದ. ಇಂಟರ್‌ನೆಟ್ಟಿನ ಅಪಾಯಗಳ ಬಗ್ಗೆ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಹೇಳಲು! "ನಿಮ್ಮ ಮಾನ ನಿಮ್ಮ ಕೈಯಲ್ಲಿದೆ ತಂಗಿಯರೇ" ಎಂದು ಮೈಕಿನಲ್ಲಿ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಲು ಹಾರದ ತಟ್ಟೆ ಹಿಡಿದು ವೇದಿಕೆಗೆ ಹೋಗಬೇಕಾದವಳು ನಾನು. ತಟ್ಟೆಯನ್ನು ಅಲ್ಲೇ ಒಂದು ಬೆಂಚಿನ ಮೇಲಿಟ್ಟು ಸಭೆಯಿಂದ ಹೊರಗೆ ಬಂದೆ. ಹೆಡ್‌ಮಾಸ್ಟರು ಆಮೇಲೆ ಕರೆದು ಕೇಳಿದರು. "ವಾಕರಿಕೆ ಬಂತು ಸಾರ್" ಅಂದೆ. ಅದು ಸುಳ್ಳಾಗಿರಲಿಲ್ಲ.

ಕಳೆದ ವಾರ ಜಗಲಿಯಲ್ಲಿ ಕೂತು ಇಷ್ಟೆಲ್ಲ ನೆನಪಾದ ಮೇಲೆ ತಡೆಯಲಾಗದೆ, ಮರುದಿನವೇ ಪಿರಿಯಾಪಟ್ಟಣಕ್ಕೆ ಹೋದೆ. ತಮ್ಮನ ಹೆಂಡತಿ ಗುರುತು ಹಿಡಿದು ಒಳಗೆ ಕರೆದಳು. ಸೆಂಟರಕ್ಕ ತೀರಿಕೊಂಡು ಎರಡು ವರ್ಷ ಆಯಿತಂತೆ. ಯಾರು ನನಗೆ ಹೇಳುತ್ತಾರೆ? ಆ ಮನೆಯಲ್ಲಿ ಯಾರ ಬಳಿಯೂ ನನ್ನ ನಂಬರು ಇರಲಿಲ್ಲ. ಸೆಂಟರಕ್ಕ ಕೊನೆಕೊನೆಗೆ ಫೋನೇ ಇಟ್ಟುಕೊಂಡಿರಲಿಲ್ಲ.

"ಇಲ್ಲಿ ಏನ್ ಮಾಡ್ತಿದ್ರು?" ಎಂದು ಕೇಳಿದೆ.

"ಸೀರೆಗೆ ಫಾಲ್ಸ್ ಹೊಲಿಯೋರು, ಹಸ ನೋಡ್ಕಳೋರು. ನಮ್ ಮಕ್ಕಳು ಕಂಪ್ಯೂಟ್ರು ತಂದ್ರೆ ಆ ರೂಮಿಗೇ ಕಾಲಿಡ್ತಿರ್ಲಿಲ್ಲ" ಅಂದಳು. ಸ್ವಲ್ಪ ತಡೆದು, "ಒಂದ್ ಮಾತ್ರ ನಮ್ಗೆ ಅರ್ಥನೇ ಆಗ್ಲಿಲ್ಲ ಕಣಕ್ಕ. ಬೀದಿಲಿ ಪೋಸ್ಟ್‌ನೋರ ಸೈಕಲ್ ಬೆಲ್ ಕೇಳಿದ್ರೆ ಸಾಕು, ಏನ್ ಮಾಡ್ತಿದ್ರೂ ಬುಟ್ಟು ಒಳಕ್ಕೋಗಿ ಬಾಗ್ಲು ಹಾಕ್ಕಳೋರು. ಕೊನೆಗಾಲದಲ್ಲೂ ಅಂಗೇಯ. ಯಾಕೆ ಅಂತ ನಿಮ್ಗೇನಾರ ಗೊತ್ತಾ?"

ಗೊತ್ತಿಲ್ಲ ಅಂದೆ. ಅವರು ಹೇಳದೆ ಉಳಿಸಿದ್ದನ್ನು ನಾನು ಹೇಳುವುದು ಸರಿಯಲ್ಲ ಅನ್ನಿಸಿತು. ಅವಳು ಕೊಟ್ಟ ಕಾಫಿ ಕುಡಿದು ಎದ್ದೆ.

ಬಸ್ಸಿನಲ್ಲಿ ಅಳು ಬರಬಹುದೆಂದು ಕಿಟಕಿಯ ಪಕ್ಕ ಕೂತೆ. ಬರಲಿಲ್ಲ. ಅವರ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಮೊದಲು ಬಂದದ್ದು ಶಾಲೆಯ ಕಂಪ್ಯೂಟರಿನ ಆ ಕಿಟಕಿಗಳು, ಆಮೇಲೆ ಗುಟ್ಕಾ ಬಾಯಿ, ಆಮೇಲೆ ಹಂಪಾಪುರದವನ ನಗು. ಇಷ್ಟು ವರ್ಷವಾದರೂ ಆ ಹೊಲಸನ್ನು ದಾಟದೆ ಅವರ ಹತ್ತಿರ ಹೋಗಲಾಗುವುದಿಲ್ಲ. ಸತ್ತವರನ್ನು ನೆನೆದು ಒಂದು ಹನಿ ಕಣ್ಣೀರು ಹಾಕುವುದಕ್ಕೂ ಆ ಜನ ಅಡ್ಡ ನಿಂತಿದ್ದಾರೆ.

ಊರು ಹತ್ತಿರ ಬಂದ ಮೇಲೆ, ಬಹಳ ತಡವಾಗಿ, ಸೆಂಟರಕ್ಕ ಕಣ್ಣ ಮುಂದೆ ಬಂದರು. ಎಲ್ಲೋ ದೂರದಿಂದ ಬಂದ ಒಂದು ಕಾರ್ಡನ್ನು ಎತ್ತಿ ಹಿಡಿದು, ಗಿರಾಕಿಗಳೆಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ಕೇಳೋಣವೆಂದು ಕಣ್ಣು ಮುಚ್ಚಿದೆ... ಅಷ್ಟರಲ್ಲಿ ಕಂಡಕ್ಟರು ನನ್ನ ಸ್ಟಾಪು ಕೂಗಿದ.